ಪರಿಗ್ರಹ ಪರಿಮಾಣ ಮತ್ತು ಮಗುವಿನ ಮೊದಲ ಕುದುರೆ

ಶ್ರಾವಕನ ಪಂಚಾಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಸ್ವೀಕರಿಸುವಾಗ ಎಲ್ಲಕ್ಕಿಂತ ಸುಲಭವಾಗಿ ತೋರುತ್ತದೆ. ಪಾಲಿಸುವಾಗ ಎಲ್ಲಕ್ಕಿಂತ ಕಠಿನವಾಗುತ್ತದೆ. ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ ಇವು ಪಾಪಗಳೆಂಬುದನ್ನು ಲೋಕವೂ ಒಪ್ಪುತ್ತದೆ. ಆದರೆ ನ್ಯಾಯವಾಗಿ ಗಳಿಸಿದ ಹಣದಿಂದ ಎರಡು ಎಕರೆ ಭೂಮಿಯನ್ನು ಕೊಂಡವನನ್ನು ಯಾರೂ ಪಾಪಿಯೆನ್ನುವುದಿಲ್ಲ. ಮನೆತನ ಏಳಿಗೆಗೆ ಬಂತೆಂದು ನೆರೆಹೊರೆಯವರು ಕೊಂಡಾಡುತ್ತಾರೆ. ಮಗುವಿನ ಸಂತೋಷಕ್ಕಾಗಿ ಕೊಂಡದ್ದೆಂದರಂತೂ ಕೇಳುವವರೇ ಇರುವುದಿಲ್ಲ. ಆದುದರಿಂದಲೇ ಈ ವ್ರತದ ಅತಿಚಾರಗಳು ಕಳ್ಳನಂತೆ ಹಿತ್ತಿಲಿನಿಂದ ನುಸುಳುವುದಿಲ್ಲ. ನೆಂಟನಂತೆ ಮುಂಬಾಗಿಲಿನಿಂದ ಬಂದು ಆಸನವನ್ನು ಕೇಳುತ್ತವೆ.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾದಂತಹ ಊರಿನಲ್ಲಿ ಒಂದು ಶ್ರಾವಕ ಕುಟುಂಬವಿದೆಯೆಂದು ಭಾವಿಸಿಕೊಂಡು ಈ ವಿಷಯವನ್ನು ವಿಚಾರ ಮಾಡಬಹುದು. ಒಂದು ಮನೆ, ಒಂದು ಅಂಗಡಿ, ಹಿರಿಯರಿಂದ ಬಂದ ನಾಲ್ಕು ಎಕರೆ ಮಸಾರಿ ಹೊಲ, ಇದು ಆ ಕುಟುಂಬದ ಆಸ್ತಿ. ಮನೆಯ ಯಜಮಾನನು ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಜಿನಬಿಂಬದ ಸನ್ನಿಧಿಯಲ್ಲಿ ನಿಂತು, ಇಷ್ಟೇ ಕ್ಷೇತ್ರ, ಇಷ್ಟೇ ವಾಸ್ತು, ಇಷ್ಟೇ ಬಂಗಾರ, ಒಂದೇ ವಾಹನ ಎಂದು ಪರಿಮಾಣ ಮಾಡಿಕೊಂಡಿದ್ದಾನೆ. ಅವನಿಗೆ ಎಂಟು ವರ್ಷದ ಮಗನಿದ್ದಾನೆ. ಸುಗ್ಗಿ ಮುಗಿದ ಮೇಲೆ ಆ ಸೀಮೆಯಲ್ಲಿ ಕುರಿಗಾರರ ಮಂದೆಗಳು ಸಂಚರಿಸುತ್ತವೆ. ಅವುಗಳ ಜೊತೆಯಲ್ಲಿ ಗಂಟುಮೂಟೆಗಳನ್ನೂ ನಡೆಯಲಾರದ ಎಳೆಯ ಕುರಿಮರಿಗಳನ್ನೂ ಹೊತ್ತ ತಟ್ಟು ಕುದುರೆಗಳು ಸಾಗುತ್ತವೆ. ಬಾಲಕನು ಅವುಗಳಲ್ಲಿ ಒಂದನ್ನು ನೋಡಿ ತನಗೂ ಬೇಕೆಂದು ಹಟ ಹಿಡಿಯುತ್ತಾನೆ. ತಂದೆಯ ಮನಸ್ಸು ಕರಗುತ್ತದೆ. "ಕುದುರಿ ಎಲ್ಲಿ ಕಟ್ಟತೀಯೋ ಯಪ್ಪಾ?" ಎಂದು ಅಜ್ಜಿ ಕೇಳುತ್ತಾಳೆ. ಮನೆಗೆ ಹಿತ್ತಿಲಿಲ್ಲ. ಆಗ ತಂದೆಗೆ ತನ್ನ ಹೊಲದ ಪಕ್ಕದಲ್ಲಿಯೇ ಮಾರಾಟಕ್ಕಿರುವ ಎರಡು ಎಕರೆ ಬೀಳು ನೆನಪಾಗುತ್ತದೆ. ಪರಿಮಾಣ ಮೀರಬಾರದೆಂದು, ಆ ಭೂಮಿಯನ್ನು ಮಗನ ಹೆಸರಿಗೆ ಬರೆಸುವ ಉಪಾಯವೂ ಹೊಳೆಯುತ್ತದೆ.

ಇದರಲ್ಲಿ ತಪ್ಪೇನು? ಕಾನೂನಿನ ದೃಷ್ಟಿಯಲ್ಲಿ ಏನೂ ಇಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ, ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ಅಡ್ಡಿಯೂ ಹೋಗಿದೆ. ಆದರೆ ಹೊರಗಿನ ಬೇಲಿ ಸಡಿಲವಾದಷ್ಟೂ ಒಳಗಿನ ಬೇಲಿಯನ್ನು ಕಾಯುವ ಹೊಣೆ ವ್ರತಿಯ ಮೇಲೆಯೇ ಬೀಳುತ್ತದೆ. ಸರ್ಕಾರವು ಅನುಮತಿಸಿದ್ದನ್ನೂ ತನಗೆ ನಿಷೇಧಿಸಿಕೊಳ್ಳುವುದೇ ವ್ರತದ ಅರ್ಥವಲ್ಲವೇ?

ಆಗಮವು ಬಾಹ್ಯ ಪರಿಗ್ರಹವನ್ನು ಹತ್ತು ವಿಧವಾಗಿ ವಿಂಗಡಿಸಿದೆ: ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ. ಮಗುವಿನ ಒಂದು ಕುದುರೆಯನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿ ನೋಡಬೇಕು. ಅದು ನಾಲ್ಕು ಕಾಲಿನದಾದ್ದರಿಂದ ಚತುಷ್ಪದ. ಬಾಲಕನು ಏರುವುದರಿಂದ ಯಾನ. ಅದರ ಮೇವಿಗೆ ಹೊಲ ಬೇಕಾದ್ದರಿಂದ ಕ್ಷೇತ್ರ. ಮಳೆ ಬಿಸಿಲಿಗೆ ಕೊಟ್ಟಿಗೆ ಬೇಕಾದ್ದರಿಂದ ವಾಸ್ತು. ನೆನೆಸಿದ ಹುರುಳಿಯೂ ಜೋಳದ ಕಣಿಕೆಯೂ ಧಾನ್ಯದ ಲೆಕ್ಕಕ್ಕೆ ಸೇರುತ್ತವೆ. ನೋಡಿಕೊಳ್ಳುವ ಆಳು ದ್ವಿಪದ. ಜೀನು, ಕಡಿವಾಣ, ಬಕೆಟ್ಟು ಮುಂತಾದವು ಕುಪ್ಯ ಮತ್ತು ಭಾಂಡ. ಒಂದೇ ಪ್ರಾಣಿ ಮನೆಯೊಳಕ್ಕೆ ಬರುವಾಗ ಹತ್ತರಲ್ಲಿ ಎಂಟು ಬಾಗಿಲುಗಳನ್ನು ತೆರೆಸುತ್ತದೆ. ತಂದೆಯು ಲೆಕ್ಕ ಹಾಕಿದ್ದು ಕುದುರೆಯ ಬೆಲೆಯನ್ನು. ಮನೆಗೆ ಬಂದದ್ದು ಒಂದು ಸಂಸಾರ.

ಉಳಿದ 'ಧನ' ಎಂಬ ಮಾತೂ ವಿಚಾರಾರ್ಹವಾಗಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಧನವೆಂದರೆ ಗೋವು ಮೊದಲಾದ ಪಶುಗಳು ಎಂದು ಅರ್ಥ ಹೇಳಿದ್ದಾರೆ. ಅದೇ ಶಬ್ದವು ಕನ್ನಡಿಗರ ಬಾಯಲ್ಲಿ 'ದನ'ವಾಗಿ ನಿಂತಿದೆ. ಪಶುವನ್ನು ಸಂಪತ್ತೆಂದು ಎಣಿಸುವ ಅಭ್ಯಾಸವು ಅಷ್ಟು ಹಳೆಯದು. ಪಶುವೂ ತನ್ನಂತೆಯೇ ಸುಖದುಃಖಗಳನ್ನು ಅನುಭವಿಸುವ ಪಂಚೇಂದ್ರಿಯ ಜೀವವೆಂಬ ಅರಿವು ಆ ಅಭ್ಯಾಸವನ್ನು ತಿದ್ದಬೇಕಾಗಿದೆ.

ಇನ್ನು ಮಗನ ಹೆಸರಿಗೆ ಬರೆಸುವ ಉಪಾಯ. ಇದು ಇಂದಿನ ಬುದ್ಧಿವಂತಿಕೆಯೆಂದು ಯಾರೂ ತಿಳಿಯಬೇಕಾಗಿಲ್ಲ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ, ಗೃಹಸ್ಥನು ತನ್ನ ಪರಿಮಾಣವನ್ನು ಮಾತಿನಲ್ಲಿ ಉಳಿಸಿಕೊಂಡು ಅರ್ಥದಲ್ಲಿ ಮುರಿಯುವ ದಾರಿಗಳನ್ನು ಒಂದೊಂದಾಗಿ ಗುರುತಿಸಿದ್ದಾರೆ. ಪಕ್ಕದ ಹೊಲವನ್ನು ಕೊಂಡು ನಡುವಿನ ಬದುವನ್ನು ಕಿತ್ತು 'ನನ್ನದು ಈಗಲೂ ಒಂದೇ ಹೊಲ' ಎನ್ನುವುದು ಒಂದು ದಾರಿ. ಮಿತಿಗಿಂತ ಹೆಚ್ಚಾದ ಬೆಳ್ಳಿ ಬಂಗಾರವನ್ನು ಬೇರೊಬ್ಬರ ವಶಕ್ಕೆ ಕೊಟ್ಟು ತನ್ನದಲ್ಲವೆನ್ನುವುದು ಇನ್ನೊಂದು. ಗರ್ಭದಲ್ಲಿರುವ ಮರಿಯನ್ನು ಪಶುಗಳ ಎಣಿಕೆಗೆ ಸೇರಿಸದಿರುವುದು ಮತ್ತೊಂದು. ತಾವರಗೇರಾದ ತಂದೆಯು ಬದುವನ್ನು ಕಿತ್ತರೂ ಅಷ್ಟೇ, ಮಗನ ಹೆಸರನ್ನು ಪಹಣಿಯಲ್ಲಿ ಏರಿಸಿದರೂ ಅಷ್ಟೇ. ಕೊಳ್ಳುವ ಕುದುರೆ ಹೆಣ್ಣಾದರೆ ಮೂರನೆಯ ದಾರಿಯೂ ತೆರೆದಿರುತ್ತದೆ. ಏಳುನೂರು ವರ್ಷಗಳಿಗೂ ಹಿಂದೆ ಬರೆದ ಮಾತು ಇಂದಿನ ಕ್ರಯಪತ್ರದ ಮೇಲೆ ಬಿದ್ದ ಬೆಳಕಿನಂತಿದೆ. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಮೂರ್ಛೆ ಎಂದರೆ ಮಮತ್ವಭಾವವೆಂದೇ ಲಕ್ಷಣಿಸಿದ್ದಾರೆ. ಆ ಮಮತ್ವಕ್ಕೆ ಸರ್ವೆ ನಂಬರು ತಿಳಿಯದು. ಖಾತೆ ಯಾರ ಹೆಸರಿನಲ್ಲಿದ್ದರೂ 'ನಮ್ಮದು' ಎಂಬ ಭಾವ ತಂದೆಯ ಎದೆಯಲ್ಲಿಯೇ ಬೆಳೆಯುತ್ತದೆ.

ಇಷ್ಟನ್ನು ಒಪ್ಪಿದ ತಂದೆಯು ಬೇರೊಂದು ನಿರ್ಧಾರಕ್ಕೆ ಬರಬಹುದು: 'ಹಾಗಾದರೆ ಭೂಮಿ ಬೇಡ. ಕುದುರೆಯನ್ನು ಮಾತ್ರ ಕೊಂಡು ಅಂಗಡಿಯ ಹಿಂದಿನ ಸಂದಿಯಲ್ಲಿ ಕಟ್ಟೋಣ. ಪರಿಗ್ರಹವೂ ಕಡಿಮೆ, ಮಗುವಿಗೂ ಸಂತೋಷ.' ಪ್ರಶ್ನೆಯ ನಿಜವಾದ ಗಂಟು ಇರುವುದು ಇಲ್ಲಿಯೇ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನ ನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರಿಸುವುದು, ಅನ್ನ ನೀರುಗಳನ್ನು ತಡೆಯುವುದು ಎಂಬ ಈ ಐದೂ ಹೆಚ್ಚಾಗಿ ಮನೆಯ ಸಾಕುಪ್ರಾಣಿಗಳ ಮೇಲೆಯೇ ನಡೆಯುವಂತಹವು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮೂ ಮಿತಿಮೀರಿ ಸವಾರಿ ಮಾಡುವುದು, ಹೆಚ್ಚು ಹೊರೆ ಹೊರಿಸುವುದು, ತೀರ ಗಿಡ್ಡವಾದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದು, ಸಾಕಷ್ಟು ಆಹಾರ ನೀರು ಆಶ್ರಯಗಳನ್ನು ಕೊಡದಿರುವುದು ಇವುಗಳನ್ನು ಅಪರಾಧವೆಂದು ಎಣಿಸಿದೆ. ಆಚಾರ್ಯರು ವ್ರತದ ದೋಷಗಳೆಂದು ಹೇಳಿದ್ದನ್ನು ಕಾನೂನು ಬಹುಕಾಲದ ಬಳಿಕ ದಂಡನೆಗೆ ಅರ್ಹವೆಂದಿತು.

ಕುದುರೆಯ ದೇಹಧರ್ಮವನ್ನು ಸ್ವಲ್ಪ ತಿಳಿದುಕೊಂಡರೆ ಬಂಧವೆಂದರೇನು ಎಂಬುದು ಸ್ಪಷ್ಟವಾಗುತ್ತದೆ. ಇನ್ನೂರು ಕಿಲೋ ತೂಕದ ತಟ್ಟು ಕುದುರೆಗೆ ದಿನಕ್ಕೆ ಸುಮಾರು ನಾಲ್ಕು ಕಿಲೋ ಒಣಮೇವು ಬೇಕು. ವರ್ಷಕ್ಕೆ ಅದು ಒಂದೂವರೆ ಟನ್ನಿನಷ್ಟಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಲೀಟರಿನಷ್ಟು ನೀರು ಬೇಕಾಗಬಹುದು. ಅದರ ಜಠರ ಚಿಕ್ಕದು. ಎತ್ತಿನಂತೆ ಒಮ್ಮೆ ಮೇದು ಮೆಲುಕು ಹಾಕುವ ಪ್ರಾಣಿಯಲ್ಲ ಅದು. ಹಗಲೂ ರಾತ್ರಿಯೂ ಸೇರಿ ಬಹುಪಾಲು ವೇಳೆ ನಡೆಯುತ್ತಾ ಸ್ವಲ್ಪ ಸ್ವಲ್ಪವಾಗಿ ಮೇಯುವುದೇ ಅದರ ಸ್ವಭಾವ. ಗೊರಸು ಸದಾ ಬೆಳೆಯುವುದರಿಂದ ಆರರಿಂದ ಎಂಟು ವಾರಗಳಿಗೊಮ್ಮೆ ಸವರಬೇಕು. ಅದು ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ತನ್ನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರೆಯನ್ನು ಅದಕ್ಕೆ ಹೊರಿಸಬಾರದೆನ್ನುತ್ತಾರೆ. ಎಂದರೆ ಜೀನೂ ಸೇರಿ ನಲವತ್ತು ಕಿಲೋ. ಎಂಟು ವರ್ಷದ ಬಾಲಕ ಇಂದು ಏರಬಹುದು. ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಅವನ ಭಾರವೇ ಅತಿಭಾರವಾಗುತ್ತದೆ. ಕುದುರೆಯ ಆಯುಷ್ಯವಾದರೋ ಇಪ್ಪತ್ತೈದು ಮೂವತ್ತು ವರ್ಷ. ನಾಲ್ಕು ವರ್ಷದ ಕುದುರೆಯನ್ನು ಇಂದು ಕೊಂಡರೆ, ಬಾಲಕನು ಮದುವೆಯಾಗಿ ಮಕ್ಕಳೊಂದಿಗನಾಗುವ ವೇಳೆಗೂ ಅದು ಮೇವಿಗಾಗಿ ಬಾಗಿಲ ಕಡೆ ನೋಡುತ್ತಿರುತ್ತದೆ.

'ಮೊದಲ ಕುದುರೆ' ಎಂಬ ಮಾತಿನಲ್ಲಿಯೇ ದೋಷ ಅಡಗಿದೆ. ಮೊದಲನೆಯದೆಂದ ಮೇಲೆ ಎರಡನೆಯದು ಆಗಲೇ ಮನಸ್ಸಿನಲ್ಲಿ ನಿಂತಿದೆ. ಬಾಲಕನು ಬೆಳೆದಾಗ ದೊಡ್ಡ ಕುದುರೆ ಬರಬೇಕು. ಆಗ ಚಿಕ್ಕದರ ಗತಿಯೇನು? ಮಾರುವುದೇ ಅಲ್ಲವೇ? ಪ್ರಾಣಿಗಳ ವ್ಯಾಪಾರಕ್ಕೆ ದಾರಿ ತೋರುವ ಮಾತನ್ನು ಆಚಾರ್ಯರು ಅನರ್ಥದಂಡದಲ್ಲಿ ಪಾಪೋಪದೇಶವೆಂದು ನಿಷೇಧಿಸಿದ್ದಾರೆ. ಐದು ವರ್ಷ ಮಗುವಿನಂತೆ ಸಾಕಿದ ಜೀವವನ್ನು ಯಾರ ಕೈಗೆ, ಯಾವ ಹೊರೆಗೆ ಒಪ್ಪಿಸುತ್ತೇವೆಂದು ತಿಳಿಯದೆ ಹಗ್ಗವನ್ನು ಬದಲಾಯಿಸುವುದು ದಯೆಯೆನಿಸುವುದಿಲ್ಲ.

ಹೀಗೆ ಭೂಮಿಯನ್ನು ಕೊಂಡರೆ ಐದನೆಯ ವ್ರತಕ್ಕೆ ಅತಿಚಾರ. ಕೊಳ್ಳದೆ ಕುದುರೆಯನ್ನು ಕಟ್ಟಿದರೆ ಮೊದಲನೆಯ ವ್ರತಕ್ಕೆ ಅತಿಚಾರ. ಇಲ್ಲಿ ಒಂದು ಶಂಕೆ ಏಳುತ್ತದೆ: ಅಹಿಂಸೆಯೇ ಎಲ್ಲ ವ್ರತಗಳ ಮೂಲವಾಗಿರುವಾಗ, ಕುದುರೆಯ ಸುಖಕ್ಕಾಗಿ ಭೂಮಿಯನ್ನು ಕೊಳ್ಳುವುದು ಪರಿಗ್ರಹವಾದರೂ ಕ್ಷಮ್ಯವಲ್ಲವೇ? ಇದಕ್ಕೆ ಸಮಾಧಾನವು ಹೀಗಿದೆ. ಕುದುರೆಯ ಅಗತ್ಯ ಹುಟ್ಟಿದ್ದು ಕುದುರೆಯಿಂದಲ್ಲ. ಅದು ಮಂದೆಯೊಡನೆ ತನ್ನ ಪಾಡಿಗೆ ನಡೆಯುತ್ತಿತ್ತು. ಇಚ್ಛೆ ಮನುಷ್ಯನದು, ಆ ಇಚ್ಛೆಯನ್ನು ಪೂರೈಸಿಕೊಂಡ ಮೇಲೆ ಹುಟ್ಟುವ ಕರ್ತವ್ಯವನ್ನು ಮುಂದೆಮಾಡಿ, ಕರ್ತವ್ಯಕ್ಕಾಗಿಯೇ ಭೂಮಿಯನ್ನು ಕೊಂಡೆನೆನ್ನುವುದು ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು. ಎರಡು ವ್ರತಗಳಲ್ಲಿ ಯಾವುದನ್ನು ಮುರಿಯಲಿ ಎಂಬ ಸ್ಥಿತಿಗೆ ವ್ರತಿಯು ಬಂದು ನಿಂತಿದ್ದರೆ, ಅವನು ಅದಕ್ಕೂ ಹಿಂದಿನ ಒಂದು ತಿರುವಿನಲ್ಲಿ ದಾರಿ ತಪ್ಪಿದ್ದಾನೆ. ಕುದುರೆಗೆ ಹೊಲ ಸಾಲದೆಂದು ಗೊತ್ತಾದ ಕ್ಷಣದಲ್ಲಿಯೇ ಪರಿಮಾಣವು ಉತ್ತರವನ್ನು ಕೊಟ್ಟಿತ್ತು, ಅವನು ಕೇಳಿಸಿಕೊಳ್ಳಲಿಲ್ಲ.

ಇದಲ್ಲದೆ, ಆ ಎರಡು ಎಕರೆ ಬರಿದಾಗಿಯೂ ಇಲ್ಲ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಬೀಳು ಭೂಮಿಯ ಹುಲ್ಲಿಗೂ ಕೊಯ್ದ ಹೊಲದ ಕೂಳೆಗೂ ನಂಬಿ ಬರುವ ಮಂದೆಗಳಿವೆ. ಕುರಿಗಾರನು ಹೊಲದಲ್ಲಿ ಕುರಿ ತರುಬುತ್ತಾನೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಅಂತಹ ಭೂಮಿಗೆ ಒಂದು ಕುದುರೆಗಾಗಿ ಮುಳ್ಳುಬೇಲಿ ಬಿದ್ದರೆ ನೂರು ಕುರಿಗಳ ಒಂದು ರಾತ್ರಿಯ ನೆಲೆ ಹೋಗುತ್ತದೆ. ಅಲ್ಲಿ ಪಾಲಿಗೆ ಬಿತ್ತಿಕೊಳ್ಳುತ್ತಿದ್ದ ಬಡವನಿದ್ದರೆ ಅವನ ಸಜ್ಜೆಯ ರೊಟ್ಟಿಯೂ ಹೋಗುತ್ತದೆ. ತನ್ನ ಮಗುವಿನ ಆಟದ ಬೆಲೆಯನ್ನು ಇನ್ನೊಬ್ಬರ ಮಗು ತೆರುವಂತಾದರೆ, ಹಣ ನ್ಯಾಯಾರ್ಜಿತವಾಗಿದ್ದರೂ ಭೋಗವು ನಿರ್ದೋಷವಾಗಲಾರದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಐದು ದೋಷಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ಎರಡು ದೋಷಗಳು, ಎಂದರೆ ಶಕ್ತಿಮೀರಿ ಓಡಿಸುವುದು ಮತ್ತು ಶಕ್ತಿಮೀರಿ ಹೊರಿಸುವುದು, ನೇರವಾಗಿ ಪಶುವಿನ ಮೇಲೆ ಬೀಳುವಂತಹವು. ಹಿಂಸೆಯ ಪ್ರಕರಣದಲ್ಲಿ ಹೇಳಬೇಕಾದ ಮಾತನ್ನು ಆಚಾರ್ಯರು ಲೋಭದ ಪ್ರಕರಣದಲ್ಲಿಯೂ ಏಕೆ ಹೇಳಿದರು? ಲೋಭದ ಭಾರವು ಲೋಭಿಯ ಹೆಗಲ ಮೇಲೆ ಬೀಳುವುದು ಅಪರೂಪ; ಅದನ್ನು ಹೊರುವವರು ಮಾತಿಲ್ಲದವರು ಎಂಬುದನ್ನು ಅವರು ಕಂಡಿದ್ದರು.

ಪರ್ವದಿನಗಳ ಆಚರಣೆಯಲ್ಲಿ ಈ ಸತ್ಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಂಡ ಶ್ರಾವಕನು ಚತುರ್ವಿಧ ಆಹಾರವನ್ನೂ ಗೃಹಾರಂಭಗಳನ್ನೂ ತ್ಯಜಿಸಿ ಧರ್ಮಧ್ಯಾನದಲ್ಲಿರಬೇಕು. ಆದರೆ ಉಪವಾಸ ಅವನದು, ಕೊಟ್ಟಿಗೆಯಲ್ಲಿರುವ ಕುದುರೆಯದಲ್ಲ. ಅದಕ್ಕೆ ಅಂದು ಮೇವು ತಪ್ಪಿದರೆ ಅನ್ನಪಾನ ನಿರೋಧ. ಮೇವು ಹಾಕಬೇಕಾದರೆ ಹುಲ್ಲು ಕೊಯ್ಯಬೇಕು, ನೀರು ಸೇದಬೇಕು, ಲದ್ದಿ ತೆಗೆಯಬೇಕು. ಚಾತುರ್ಮಾಸದ ಹಸಿಹುಲ್ಲಿನಲ್ಲಿ ಎಷ್ಟು ತ್ರಸಜೀವಗಳಿರುತ್ತವೆಂಬುದನ್ನು ಹೇಳಬೇಕಾಗಿಲ್ಲ. ಆಳಿನಿಂದ ಮಾಡಿಸಿದರಾಯಿತೆಂದರೆ, ಕೃತದಂತೆ ಕಾರಿತವೂ ಅನುಮೋದನವೂ ಕರ್ಮಬಂಧಕ್ಕೆ ಕಾರಣ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಶಾಸನಗಳನ್ನು ಕೊರೆಸಿದ ಅಶೋಕ ಚಕ್ರವರ್ತಿಯು, ಉತ್ತರ ಭಾರತದಲ್ಲಿರುವ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಪರ್ವದಿನಗಳಂದು ಕುದುರೆಗಳಿಗೂ ಎತ್ತುಗಳಿಗೂ ಬರೆ ಹಾಕಬಾರದೆಂದು ಆಜ್ಞಾಪಿಸಿದ್ದಾನೆ. ಮನುಷ್ಯನ ಪರ್ವವು ಪಶುವಿಗೂ ಅಭಯದ ದಿನವಾಗಬೇಕೆಂಬ ಭಾವನೆ ಈ ನಾಡಿಗೆ ಹೊಸದಲ್ಲ.

ಮತ್ತೊಂದು ಶಂಕೆಯನ್ನು ತಿಳಿದವರೇ ಎತ್ತುವುದುಂಟು. ಪುರಾಣಗಳು ಭರತ ಚಕ್ರವರ್ತಿಗೆ ಹದಿನೆಂಟು ಕೋಟಿ ಕುದುರೆಗಳಿದ್ದುವೆಂದು ಹೇಳುತ್ತವೆ. ಆದರೂ ಅವನು ದೀಕ್ಷೆ ವಹಿಸಿದ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನವನ್ನು ಪಡೆದನು. ಮೂರ್ಛೆಯೇ ಪರಿಗ್ರಹವಾದರೆ, ಮೂರ್ಛೆಯಿಲ್ಲದವನಿಗೆ ಒಂದು ಕುದುರೆಯೇನು, ಎರಡು ಎಕರೆಯೇನು? ಈ ಮಾತು ಸಿದ್ಧಾಂತಕ್ಕೆ ಸರಿಯಾದುದೇ. ಆದರೆ ಅದನ್ನು ಆಡುವ ಬಾಯಿ ಯಾವುದೆಂದು ನೋಡಬೇಕು. ಭರತನು ಹದಿನೆಂಟು ಕೋಟಿಯನ್ನು ಕ್ಷಣದಲ್ಲಿ ಬಿಟ್ಟು ಹೊರಟನು. ಸಾಮಾನ್ಯ ಗೃಹಸ್ಥನು ಇನ್ನೂ ಬಾರದ ಒಂದನ್ನು ಬಿಡಲಾರದೆ ಭರತನ ಹೆಸರನ್ನು ಹೇಳುತ್ತಾನೆ. ಮಮತೆಯಿಲ್ಲದವನು ಅದಕ್ಕಾಗಿ ಉಪಾಯವನ್ನು ಹುಡುಕುವುದಿಲ್ಲ. ಮಗನ ಹೆಸರಿಗೆ ಬರೆಸುವ ಯೋಚನೆ ಎಲ್ಲಿ ಹುಟ್ಟಿತೋ ಅಲ್ಲಿ ಮೂರ್ಛೆಯು ಸಾಕ್ಷಿ ನುಡಿದಾಗಿದೆ. ಒಳಗಿನ ಮೂರ್ಛೆಯನ್ನು ಅಳೆಯಲಾರದ ಸಾಮಾನ್ಯರಿಗಾಗಿಯೇ ಹೊರಗಿನ ವಸ್ತುಗಳ ಎಣಿಕೆಯನ್ನು ಆಚಾರ್ಯರು ಕರುಣೆಯಿಂದ ವಿಧಿಸಿದರು.

ಹಾಗಾದರೆ ಮಗುವಿನ ಮನಸ್ಸನ್ನು ಮುರಿಯಬೇಕೇ? ಕೊಪ್ಪಳವು ಪ್ರಾಚೀನ ಕೊಪಣ. ಜೈನರಿಗೆ ಮಹಾತೀರ್ಥವಾಗಿದ್ದ ಸ್ಥಳ. ಅಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೆತ್ತಿಸಿದ ಶಾಸನವಿದೆ. ಅವರು ವರಾಂಗಚರಿತವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದವರೆಂದು ವಿದ್ವಾಂಸರು ಗುರುತಿಸಿದ್ದಾರೆ. 1938ರಲ್ಲಿ ಆ ಕಾವ್ಯವನ್ನು ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿಯೂ ಒಂದು ಕುದುರೆಯ ಪ್ರಸಂಗವಿದೆ. ಯುವರಾಜ ವರಾಂಗನ ಮೇಲೆ ದ್ವೇಷವಿದ್ದ ಮಂತ್ರಿಯು ಎರಡು ಕುದುರೆಗಳನ್ನು ಪಳಗಿಸುತ್ತಾನೆ. ಒಂದಕ್ಕೆ ಒಳ್ಳೆಯ ನಡೆ, ಇನ್ನೊಂದಕ್ಕೆ ಕೆಟ್ಟ ನಡೆ. ಎರಡನೆಯದನ್ನು ಏರಿದ ವರಾಂಗನನ್ನು ಅದು ಕಾಡಿಗೆ ಎಳೆದೊಯ್ದು ಬಾವಿಗೆ ಬೀಳುತ್ತದೆ. ಯುವರಾಜನು ಹೇಗೋ ಪಾರಾಗುತ್ತಾನೆ. ಅಲ್ಲಿ ಕುದುರೆಯ ತಪ್ಪೇನೂ ಇಲ್ಲ. ಕಲಿಸಿದ್ದನ್ನು ಅದು ಮಾಡಿತು. ಮಗುವಿನ ಮನಸ್ಸೂ ಹಾಗೆಯೇ. ಬಯಸಿದ್ದೆಲ್ಲವೂ ಬರುತ್ತದೆ, ಮನೆಯ ಪರಿಮಾಣವು ಬಯಕೆಯ ಮುಂದೆ ಹಿಂದೆ ಸರಿಯುತ್ತದೆ ಎಂದು ಕಲಿಸಿದರೆ ಆ ಬಯಕೆಯೇ ಮುಂದೆ ಅವನನ್ನು ಹೊತ್ತು ಓಡುತ್ತದೆ. ಕಡಿವಾಣ ಕುದುರೆಗೆ ಬೇಕೋ ಬಯಕೆಗೆ ಬೇಕೋ ಎಂಬುದನ್ನು ತಂದೆಯೇ ಮೊದಲು ನಿಶ್ಚಯಿಸಬೇಕು.

ಮಗುವಿಗೆ ಬೇಡವೆಂದು ಹೇಳಿ ಸುಮ್ಮನಾಗುವುದೂ ಸರಿಯಲ್ಲ. ಅವನ ಮನಸ್ಸಿನಲ್ಲಿ ಹುಟ್ಟಿರುವುದು ಬರಿಯ ಲೋಭವಲ್ಲ. ಆ ಪ್ರಾಣಿಯ ಮೇಲಿನ ಪ್ರೀತಿಯೂ ಅದರಲ್ಲಿ ಬೆರೆತಿದೆ. ಪ್ರೀತಿಯನ್ನು ಒಡೆತನದಿಂದ ಬಿಡಿಸಿ ಕೊಡುವುದೇ ಸಂಸ್ಕಾರ. ತಮ್ಮ ನಾಲ್ಕು ಎಕರೆಯ ಬದುವಿನ ಹುಲ್ಲನ್ನು ಮಂದೆಯ ಕುದುರೆಗಳಿಗೆ ಮೀಸಲಿಡಬಹುದು. ದಾರಿಯ ಪಕ್ಕದಲ್ಲಿ ಒಂದು ನೀರಿನ ತೊಟ್ಟಿಯನ್ನು ಕಟ್ಟಿಸಿ, ಮಂದೆ ಬರುವ ತಿಂಗಳುಗಳಲ್ಲಿ ಅದನ್ನು ತುಂಬುವ ನಿಯಮವನ್ನು ಬಾಲಕನಿಗೆ ಕೊಡಬಹುದು. ಸಮಂತಭದ್ರರು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ್ದನ್ನು ಯಮವೆಂದೂ ಕರೆದಿದ್ದಾರೆ. ಭೋಗೋಪಭೋಗಗಳಿಗೆ ನಿಯಮವನ್ನು ಹೇಳುವಲ್ಲಿ ವಾಹನವನ್ನೂ ಹೆಸರಿಸಿದ್ದಾರೆ. ಮಕ್ಕಳಿಗೆ ಇಂತಹ ಚಿಕ್ಕ ನಿಯಮಗಳೇ ಯೋಗ್ಯವಾದವು. ತನ್ನದಲ್ಲದ ಕುದುರೆಗೆ ನೀರು ಕುಡಿಸಿದ ಬಾಲಕನು, ತನ್ನದೆಂದು ಕಟ್ಟಿದ ಕುದುರೆಯನ್ನು ಏರಿದವನಿಗಿಂತ ಹೆಚ್ಚಿನದನ್ನು ಕಲಿಯುತ್ತಾನೆ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನ ಕುದುರೆಯೇ ಆಗಿದೆಯೆಂದು ಬಸದಿಯಲ್ಲಿ ತೋರಿಸಿದರೆ ಆ ಪ್ರೀತಿಗೆ ಒಂದು ಪವಿತ್ರವಾದ ನೆಲೆಯೂ ದೊರೆಯುತ್ತದೆ.

ಆದರೆ ಕುದುರೆ ಆಗಲೇ ಮನೆಗೆ ಬಂದಿರುವ ಕುಟುಂಬವಿದ್ದರೆ? ಅಥವಾ ಮುದಿಯಾದುದೆಂದೋ ಕುಂಟೆಂದೋ ಬಿಟ್ಟುಹೋದ ಪ್ರಾಣಿಯನ್ನು ದಯೆಯಿಂದ ಸೇರಿಸಿಕೊಂಡಿದ್ದರೆ? ಆಗ ವಿಚಾರವು ತಿರುಗುತ್ತದೆ. ಆಟಕ್ಕಾಗಿ ತಂದದ್ದು ಭೋಗ, ಕಾಪಾಡಲು ತಂದದ್ದು ಅಭಯದಾನ. ಆದರೂ ಬಂದ ಮೇಲಿನ ಹೊಣೆ ಎರಡಕ್ಕೂ ಒಂದೇ. ಪರಿಮಾಣದ ನೆಪ ಹೇಳಿ ಅದರ ಮೇವನ್ನು ಕಡಿಮೆ ಮಾಡುವಂತಿಲ್ಲ, ಕೊನೆಯುಸಿರಿನವರೆಗೆ ಅದನ್ನು ಕೈಬಿಡುವಂತಿಲ್ಲ. ಅದಕ್ಕೆ ನೆಲ ಬೇಕಾದರೆ ಇದ್ದ ನಾಲ್ಕು ಎಕರೆಯಲ್ಲಿಯೇ ಒಂದು ಎಕರೆ ಬಿತ್ತನೆಯನ್ನು ಬಿಟ್ಟುಕೊಡಬೇಕು. ಖರ್ಚು ಬೇಕಾದರೆ ಹಬ್ಬದ ಬಟ್ಟೆಯಲ್ಲಿ, ಮದುವೆಯ ಆಡಂಬರದಲ್ಲಿ ಉಳಿಸಬೇಕು. ಅದು ಸಾಧ್ಯವೇ ಇಲ್ಲವಾದರೆ ಒಳ್ಳೆಯ ಪಿಂಜರಾಪೋಲಿಗೆ ಅದನ್ನು ಒಪ್ಪಿಸಿ, ಅದರ ಆಯುಷ್ಯದುದ್ದಕ್ಕೂ ಮೇವಿನ ಖರ್ಚನ್ನು ತಾನೇ ಹೊರಬೇಕು. ವ್ರತವನ್ನು ಸ್ವೀಕರಿಸಿದವನು ಮನುಷ್ಯ. ಅದರ ಭಾರವೂ ಅವನ ಮೇಲೆಯೇ ಬೀಳಬೇಕು.

ನೇಮಿಕುಮಾರನ ಕಥೆಯನ್ನು ಪ್ರತಿ ಜೈನ ಮನೆಯ ಮಕ್ಕಳೂ ಕೇಳಿ ಬೆಳೆದಿದ್ದಾರೆ. ಮದುವೆಯ ದಿಬ್ಬಣ ಹೊರಟಿತ್ತು. ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿಸಿತು. ಅವು ಯಾರಿಗಾಗಿ ಅಲ್ಲಿವೆ ಎಂದು ಅವನು ವಿಚಾರಿಸಿದನು. ತನ್ನ ಸಂತೋಷಕ್ಕಾಗಿಯೇ ಎಂದು ತಿಳಿದ ಮೇಲೆ, ದೊಡ್ಡಿಯನ್ನು ವಿಸ್ತರಿಸಿರೆಂದು ಅವನು ಹೇಳಲಿಲ್ಲ. ಸಂತೋಷವನ್ನೇ ಬಿಟ್ಟು ಗಿರಿನಾರಿನ ಕಡೆಗೆ ತಿರುಗಿದನು. ಗೃಹಸ್ಥನಿಂದ ಅಷ್ಟು ದೂರ ಹೋಗಲಾಗದು. ಆದರೆ ಆ ಒಂದು ಪ್ರಶ್ನೆಯನ್ನು ಕೇಳುವುದು ಅವನಿಗೂ ಸಾಧ್ಯ. ಬರುವ ಭಾದ್ರಪದದಲ್ಲಿ ಆಕಿಂಚನ್ಯದ ದಿನ ಪರಿಮಾಣದ ಪಟ್ಟಿಯನ್ನು ಮತ್ತೆ ತೆರೆದು ಕುಳಿತಾಗ, ಮನೆಯವರೆಲ್ಲ ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸ್ಕೊಂಡು, ಹೊಸದಾಗಿ ಬರಲಿರುವ ಪ್ರತಿಯೊಂದರ ಮುಂದೆಯೂ ಆ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಇದು ಯಾರಿಗಾಗಿ, ಮತ್ತು ಇದರ ಭಾರವನ್ನು ಹೊರುವವರು ಯಾರು?